ಅಲಾಸ್ಕಾ: ಹಡಗು ಮತ್ತು ಒಳನಾಡಿನ ಜೋಡಿ ಪ್ರವಾಸ

ಅಲಾಸ್ಕಾದ ಕರಾವಳಿಯನ್ನು ಹಡಗಿನಲ್ಲಿಯೂ ಒಳನಾಡನ್ನು ರೈಲು, ಬಸ್ಸು ಅಥವಾ ಕಾರಿನಲ್ಲಿಯೂ ಒಂದೇ ಪಯಣದಲ್ಲಿ ನೋಡಿ ಬರುವ ಏರ್ಪಾಟಿಗೆ ಪ್ರವಾಸೋದ್ಯಮದವರು ಕ್ರೂಸ್‌ಟೂರ್ ಎನ್ನುತ್ತಾರೆ. ಹಡಗಿನಲ್ಲಿ ಏಳು ರಾತ್ರಿ, ನೆಲದ ಮೇಲೆ ಮೂರರಿಂದ ಎಂಟು ರಾತ್ರಿ ಕಳೆಯುವುದು ಇದರ ವಾಡಿಕೆಯ ಅಳತೆ. ಅಮೆರಿಕ 1867ರಲ್ಲಿ ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡ ಈ ಪ್ರದೇಶ 1959ರಲ್ಲಿ ರಾಜ್ಯವಾಯಿತು. ಸುಮಾರು 17 ಲಕ್ಷ ಚದರ ಕಿಲೋಮೀಟರ್ ವಿಸ್ತಾರದಲ್ಲಿ ಏಳೂವರೆ ಲಕ್ಷದಷ್ಟು ಜನರೂ ಇಲ್ಲ. ಆದ್ದರಿಂದ ರಸ್ತೆ, ಹಳಿ, ಹೋಟೆಲುಗಳೆಲ್ಲ ವಿರಳ. ಹೀಗಿದ್ದೂ ಪ್ರವಾಸ ಹೊರಡುವವರು ಸಾಮಾನ್ಯವಾಗಿ ಮೊದಲು ಹಡಗನ್ನೂ ಅದರ ಕೋಣೆಯನ್ನೂ ಆರಿಸಿ, ಉಳಿದ ದಿನಗಳನ್ನು ಅದರ ಬಾಲಕ್ಕೆ ಕಟ್ಟುತ್ತಾರೆ. ಇಲ್ಲಿನ ಭೂಗೋಳ, ಕಾನೂನು, ಹವಾಮಾನಗಳನ್ನು ಕೂಡಿಸಿ ನೋಡಿದರೆ ಈ ಕ್ರಮವನ್ನು ತಿರುಗಿಸಬೇಕಾಗುತ್ತದೆ. ಒಳನಾಡಿನ ದಿನಗಳನ್ನು ಮೊದಲು ಗೊತ್ತುಮಾಡಿಕೊಂಡು, ಅವಕ್ಕೆ ಹೊಂದುವ ಹಡಗನ್ನು ಆಮೇಲೆ ಹುಡುಕುವುದು ಲೇಸು.

ಕಡಲ ಭಾಗವನ್ನು ತಡವಾಗಿ ನಿರ್ಧರಿಸಿದರೂ ನಷ್ಟವಾಗದಿರುವುದಕ್ಕೆ ಕಾರಣ ಕರಾವಳಿಯ ರಚನೆಯಲ್ಲೇ ಇದೆ. ಆಗ್ನೇಯ ಅಲಾಸ್ಕಾದ ಅಲೆಕ್ಸಾಂಡರ್ ದ್ವೀಪಸಮೂಹದಲ್ಲಿ ಸಾವಿರಕ್ಕೂ ಹೆಚ್ಚು ನಡುಗಡ್ಡೆಗಳಿವೆ. ಅವು ಪೆಸಿಫಿಕ್ ಸಾಗರದ ಅಲೆಗಳಿಗೆ ಅಡ್ಡ ನಿಂತು, ಒಳಬದಿಯಲ್ಲಿ ಇನ್‌ಸೈಡ್ ಪ್ಯಾಸೇಜ್ ಎಂಬ ಶಾಂತ ಜಲಮಾರ್ಗವನ್ನು ಉಳಿಸಿವೆ. ದಡದ ಊರುಗಳ ಹಿಂದೆಯೇ ಕಡಿದಾದ ಬೆಟ್ಟಗಳೂ ಹಿಮಬಯಲುಗಳೂ ಇರುವುದರಿಂದ ರಾಜಧಾನಿ ಜೂನೋಗೆ ಕೂಡ ಹೊರಜಗತ್ತಿನಿಂದ ರಸ್ತೆಯಿಲ್ಲ; ದೋಣಿ ಇಲ್ಲವೇ ವಿಮಾನವೇ ಗತಿ. ಹಾಗಾಗಿ ಈ ಭಾಗದಲ್ಲಿ ಹಡಗು ಶೋಕಿಯ ವಾಹನ ಎಂಬುದಕ್ಕಿಂತ ಸಹಜ ವಾಹನ. ಆದರೆ ದಾರಿ ಒಂದೇ ಆದದ್ದರಿಂದ ಎಲ್ಲ ಕಂಪನಿಗಳ ಹಡಗುಗಳೂ ಕೆಚಿಕನ್, ಜೂನೋ, ಸ್ಕ್ಯಾಗ್ವೇಗಳನ್ನೇ ಸುತ್ತುತ್ತವೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ವಾರವಾರವೂ ಹೊರಡುತ್ತವೆ. ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ, ಕಾಣುವ ನೋಟವೂ ಬಹುಮಟ್ಟಿಗೆ ಅದೇ. ಇದಕ್ಕೆ ದೊಡ್ಡ ಅಪವಾದ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ. 1794ರಲ್ಲಿ ನಾವಿಕ ವ್ಯಾಂಕೂವರನ ನೌಕಾಯಾತ್ರೆಯವರು ಕಂಡಾಗ ಈ ಕೊಲ್ಲಿಯ ಬಾಯಿವರೆಗೂ ಮಂಜುಗಡ್ಡೆ ತುಂಬಿತ್ತು. 1916ರ ಹೊತ್ತಿಗೆ ಅದು ಸುಮಾರು 100 ಕಿ.ಮೀ. ಹಿಂದೆ ಸರಿದಿತ್ತು. ಇಷ್ಟು ಕಡಿಮೆ ಅವಧಿಯಲ್ಲಿ ಹಿಮನದಿ ಬಿಟ್ಟುಕೊಟ್ಟ ನೆಲದ ಮೇಲೆ ಪಾಚಿಯಿಂದ ಮರದವರೆಗೆ ಕಾಡು ಹುಟ್ಟಿಬಂದ ಬಗೆಯನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಬಹುದಾದ ಜಾಗ ಇದು. ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಒಳಗೆ ಬರಲು ಅನುಮತಿ. ಹಡಗು ಆರಿಸುವಾಗ ಈಜುಕೊಳ, ರಂಗಮಂದಿರಗಳ ವರ್ಣನೆಗಿಂತ ಈ ಕೊಲ್ಲಿಯ ಹೆಸರು ವೇಳಾಪಟ್ಟಿಯಲ್ಲಿ ಇದೆಯೇ ಎಂದು ನೋಡುವುದು ಮುಖ್ಯ.

ಹಡಗಿನ ದಾರಿಯನ್ನು ಪ್ರಯಾಣಿಕರ ಇಷ್ಟಕ್ಕಿಂತ ಹೆಚ್ಚಾಗಿ ನಿರ್ಧರಿಸಿರುವುದು ಅಮೆರಿಕದ ಒಂದು ಹಳೆಯ ಕಾನೂನು. 1886ರ ಪ್ರಯಾಣಿಕ ನೌಕಾಸೇವಾ ಕಾಯ್ದೆಯ ಪ್ರಕಾರ ವಿದೇಶಿ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು ಅದೇ ದೇಶದ ಇನ್ನೊಂದು ಬಂದರಿನಲ್ಲಿ ಇಳಿಸುವಂತಿಲ್ಲ. ದೊಡ್ಡ ವಿಹಾರ ಹಡಗುಗಳು ಬಹುತೇಕ ಬೇರೆ ದೇಶಗಳಲ್ಲೇ ನೋಂದಣಿಯಾಗಿರುವಂಥವು. ಆದ್ದರಿಂದ ಸಿಯಾಟಲ್‌ನಿಂದ ಹೊರಟ ಹಡಗು ಕೆನಡಾದ ವಿಕ್ಟೋರಿಯಾದಂಥ ಊರನ್ನು ಮುಟ್ಟಿ ಸಿಯಾಟಲ್‌ಗೇ ಮರಳುತ್ತದೆ. ಹತ್ತಿದ ಕಡೆ ಇಳಿಯದೆ ಉತ್ತರಕ್ಕೆ ಒಂದೇ ದಿಕ್ಕಿನಲ್ಲಿ ಹೋಗಬೇಕೆಂದರೆ ಕೆನಡಾದ ವ್ಯಾಂಕೂವರ್‌ನಿಂದ ಹೊರಡಬೇಕು. 2021ರಲ್ಲಿ ಕೆನಡಾ ಕೊರೊನಾ ಕಾರಣಕ್ಕೆ ಬಂದರುಗಳನ್ನು ಮುಚ್ಚಿದಾಗ, ಅಲಾಸ್ಕಾದ ಹಂಗಾಮು ಪೂರ್ತಿ ಮುಳುಗದಿರಲಿ ಎಂದು ಅಮೆರಿಕದ ಸಂಸತ್ತು ತಾತ್ಕಾಲಿಕ ವಿನಾಯಿತಿಯ ಕಾನೂನನ್ನೇ ತರಬೇಕಾಯಿತು. ಜೋಡಿ ಪ್ರವಾಸಕ್ಕೆ ಇದರ ಪರಿಣಾಮ ನೇರವಾದದ್ದು. ಅಗ್ಗವೆಂದು ಮೊದಲೇ ಕೊಂಡ ಸಿಯಾಟಲ್ ಸುತ್ತುಪಯಣದ ಟಿಕೆಟ್ ಆಗ್ನೇಯ ಕರಾವಳಿಯಲ್ಲೇ ತಿರುಗಿ ಹಿಂದಕ್ಕೆ ಬರುತ್ತದೆ. ಒಳನಾಡಿನ ಹೆಬ್ಬಾಗಿಲುಗಳಾದ ವಿಟಿಯರ್, ಸೀವಾರ್ಡ್ ಬಂದರುಗಳನ್ನು ಅದು ಮುಟ್ಟುವುದೇ ಇಲ್ಲ. ಒಳನಾಡು ಬೇಕು ಎಂದು ಮೊದಲೇ ತೀರ್ಮಾನವಾಗಿದ್ದರೆ ಏಕಮುಖ ಹಡಗೇ ಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಅದರೊಂದಿಗೆ ಅಲಾಸ್ಕಾ ಕೊಲ್ಲಿಯ ತೆರೆದ ನೀರನ್ನು ದಾಟಬೇಕಾದ ಒಂದೆರಡು ದಿನಗಳೂ ಸೇರುತ್ತವೆ. ಕಡಲಬೇನೆ ಇರುವವರು ಇದನ್ನು ಮುಂಚೆಯೇ ಎಣಿಸಿಕೊಳ್ಳಬೇಕು.

ಒಳನಾಡಿನ ಕಥೆ ಇದಕ್ಕೆ ತದ್ವಿರುದ್ಧ. ಇಲ್ಲಿ ಇರುವುದೆಲ್ಲ ಒಂದೊಂದೇ. ಆಂಕರೇಜ್‌ನಿಂದ ಫೇರ್‌ಬ್ಯಾಂಕ್ಸ್‌ಗೆ 1923ರಲ್ಲಿ ಮುಗಿದ ಒಂದು ರೈಲುಮಾರ್ಗ, ಅದರ ಪಕ್ಕಕ್ಕೇ ಸಾಗುವ ಪಾರ್ಕ್ಸ್ ಹೆದ್ದಾರಿ, ಡೆನಾಲಿ ರಾಷ್ಟ್ರೀಯ ಉದ್ಯಾನದೊಳಗೆ 92 ಮೈಲಿ ಉದ್ದದ ಒಂದೇ ರಸ್ತೆ. ಆ ರಸ್ತೆಯಲ್ಲೂ ಮೊದಲ 15 ಮೈಲಿ ಮಾತ್ರ ಸ್ವಂತ ವಾಹನಕ್ಕೆ. ಮುಂದಕ್ಕೆ ಉದ್ಯಾನದ ಬಸ್ಸನ್ನೇ ಹಿಡಿಯಬೇಕು. ಪ್ರವಾಸದ ಶಿಖರಬಿಂದು ಎನ್ನಿಸುವ ಡೆನಾಲಿ ಪರ್ವತ (6,190 ಮೀಟರ್, ಕೇಂದ್ರ ಸರ್ಕಾರ 2025ರಲ್ಲಿ ಮೆಕಿನ್ಲೀ ಎಂಬ ಹಳೆಯ ಹೆಸರನ್ನು ಮರಳಿ ತಂದಿದೆ, ಉದ್ಯಾನದ ಹೆಸರು ಬದಲಾಗಿಲ್ಲ) ಬೇಸಿಗೆಯ ಹೆಚ್ಚು ದಿನ ಮೋಡದೊಳಗೆ ಇರುತ್ತದೆ. ಬಂದವರಲ್ಲಿ ಮೂವರಿಗೆ ಒಬ್ಬರಷ್ಟೇ ಅದನ್ನು ಕಾಣುತ್ತಾರೆ ಎಂಬುದು ಅಲ್ಲಿ ಎಲ್ಲರೂ ಒಪ್ಪುವ ಅಂದಾಜು. ಈ ಮೂರರಲ್ಲೊಂದನ್ನು ಒಂದು ದಿನದ ಸಂಭವವೆಂದು ಹಿಡಿದರೆ, ಮೂರು ದಿನ ಇದ್ದವರಿಗೆ ಒಮ್ಮೆಯಾದರೂ ಕಾಣುವ ಸಾಧ್ಯತೆ ಲೆಕ್ಕದ ಮೇಲೆ ನೂರಕ್ಕೆ 70ಕ್ಕೆ ಏರುತ್ತದೆ. ಆದರೆ ಲೆಕ್ಕ ಹೇಳಿದಷ್ಟು ಮೋಡ ಕೇಳುವುದಿಲ್ಲ. ಒಮ್ಮೆ ಕವಿದರೆ ಕೆಲವು ದಿನ ಕದಲದೆ ಕೂರುವುದೂ ಉಂಟು, ಆದ್ದರಿಂದ ನಿಜದ ಲಾಭ ಇದಕ್ಕಿಂತ ಕಡಿಮೆ. ಹಾಗಿದ್ದರೂ ಒಂದು ರಾತ್ರಿಗೂ ಮೂರು ರಾತ್ರಿಗೂ ಇರುವ ಅಂತರ, ಹಡಗಿನಲ್ಲಿ ಕಿಟಕಿಯ ಕೋಣೆಗೂ ಬಾಲ್ಕನಿಯ ಕೋಣೆಗೂ ಇರುವ ಅಂತರಕ್ಕಿಂತ ಬಹಳ ದೊಡ್ಡದು. ಹಣವಿರುವವರಿಗೆ ಟಾಕೀಟ್ನಾದಿಂದ ಮೋಡದ ಮೇಲಕ್ಕೆ ಏರುವ ಚಿಕ್ಕ ವಿಮಾನಗಳಿವೆ. ಅವೂ ಹವೆ ಒಪ್ಪಿದ ದಿನವೇ ಹಾರುವುದು. ಅದಕ್ಕೂ ಕೈಯಲ್ಲಿ ದಿನಗಳು ಮಿಕ್ಕಿರಬೇಕು.

ರಾತ್ರಿಗಳ ಎಣಿಕೆಯಷ್ಟೇ ಅವು ಎಲ್ಲಿಯ ರಾತ್ರಿಗಳು ಎಂಬುದೂ ಮುಖ್ಯ. ಜಾಹೀರಾತಿನ ಪಟ್ಟಿಯಲ್ಲಿ ಪರ್ವತದ ಹೆಸರು ಹೊತ್ತ ವಸತಿಗೃಹಗಳೆಲ್ಲ ಉದ್ಯಾನದ ಬಾಗಿಲಲ್ಲಿ ಇಲ್ಲ. ಪರ್ವತದ ದಕ್ಷಿಣಕ್ಕೆ, ಟಾಕೀಟ್ನಾದ ಕಡೆ ಇರುವ ಕೆಲವು ವಸತಿಗಳಿಂದ ಉದ್ಯಾನದ ದ್ವಾರಕ್ಕೆ ಹೆದ್ದಾರಿಯಲ್ಲಿ 160 ಕಿ.ಮೀ.ಗೂ ಹೆಚ್ಚು ದೂರ. ಆ ದಕ್ಷಿಣದ ವಸತಿಗಳಿಂದ ತಿಳಿ ದಿನದಲ್ಲಿ ಶಿಖರ ಎದುರಿಗೇ ಕಾಣುತ್ತದೆ, ಕಾಡುಪ್ರಾಣಿಗಳ ಬಯಲು ಕಾಣುವುದಿಲ್ಲ. ಉದ್ಯಾನದ ದ್ವಾರದಲ್ಲಿ ತಂಗಿದವರಿಗೆ ಕರಡಿ, ಕ್ಯಾರಿಬೂ, ಮೂಸ್‌ಗಳ ನೆಲೆ ಹತ್ತಿರ, ಆದರೆ ಶಿಖರ ಕಾಣಲು ರಸ್ತೆಯಲ್ಲಿ ಹತ್ತಿರ ಹತ್ತಿರ ಒಂಬತ್ತು ಮೈಲಿ ಒಳಗೆ ಹೋಗಬೇಕು. ಎರಡೂ ಬೇಕೆನ್ನುವವರು ರಾತ್ರಿಗಳನ್ನು ಎರಡು ಕಡೆಗೆ ಹಂಚಿಕೊಳ್ಳಬೇಕಾಗುತ್ತದೆ. ಇಂಥ ಲೆಕ್ಕಾಚಾರ ಹಡಗಿನ ತಾರೀಕು ಗೊತ್ತಾದ ಮೇಲೆ ಉಳಿದ ಚೂರುಪಾರು ದಿನಗಳಲ್ಲಿ ಆಗುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ: ನೆಲದ ಭಾಗ ಅಷ್ಟೊಂದು ಅನಿಶ್ಚಿತವಾಗಿದ್ದರೆ ಅದರ ಮೇಲೆ ಇಡೀ ಯೋಜನೆಯನ್ನು ನಿಲ್ಲಿಸುವುದು ಜಾಣತನವೇ? ಉದ್ಯಾನದ ರಸ್ತೆಯೇ ಇದಕ್ಕೆ ಸಾಕ್ಷಿ. ಪ್ರೆಟಿ ರಾಕ್ಸ್ ಎಂಬಲ್ಲಿ ಬೆಟ್ಟದ ಇಳಿಜಾರಿನೊಳಗಿನ ಮಂಜುಗಡ್ಡೆ ಕರಗಿ, ಒಂದು ಕಾಲಕ್ಕೆ ವರ್ಷಕ್ಕೆ ಕೆಲವೇ ಅಂಗುಲ ಜಾರುತ್ತಿದ್ದ ನೆಲ 2021ರಲ್ಲಿ ಗಂಟೆಗೆ ಅರ್ಧ ಅಂಗುಲಕ್ಕೂ ಹೆಚ್ಚು ಜಾರತೊಡಗಿತು. ಆ ಆಗಸ್ಟ್‌ನಲ್ಲಿ ರಸ್ತೆಯನ್ನು 43ನೇ ಮೈಲಿಯ ಆಸುಪಾಸಿನಲ್ಲಿ ಮುಚ್ಚಿ, ಜಾರುವ ಜಾಗದ ಮೇಲೆ ಸೇತುವೆ ಕಟ್ಟುವ ಕೆಲಸ ಕೈಗೆತ್ತಿಕೊಳ್ಳಲಾಯಿತು. ಹಳೆಯ ಪ್ರವಾಸ ಪುಸ್ತಕಗಳು ಹೊಗಳುವ ವಂಡರ್ ಲೇಕ್‌ಗೆ ಬಸ್ಸಿನಲ್ಲಿ ಹೋಗಿ ಬರುವುದು ಅಂದಿನಿಂದ ನಿಂತಿತು. ಆದರೆ ಈ ಉದಾಹರಣೆ ಆಕ್ಷೇಪಕ್ಕಿಂತ ವಾದವನ್ನೇ ಹೆಚ್ಚು ಬಲಪಡಿಸುತ್ತದೆ. ರಸ್ತೆ ಎಲ್ಲಿಯವರೆಗೆ ತೆರೆದಿದೆ ಎಂದು ಮೊದಲು ವಿಚಾರಿಸಿದವರಿಗೆ ದಿನಗಳನ್ನು ಬೇರೆ ಕಡೆಗೆ, ಉದಾಹರಣೆಗೆ 1938ರಲ್ಲಿ ಮುಚ್ಚಿದ ಕೆನಿಕಾಟ್ ತಾಮ್ರದ ಗಣಿ ಇರುವ ರ‍್ಯಾಂಗಲ್-ಸೇಂಟ್ ಎಲಾಯಸ್ ಉದ್ಯಾನದತ್ತ, ತಿರುಗಿಸಿಕೊಳ್ಳಲು ಅವಕಾಶವಿರುತ್ತದೆ. ಹಡಗನ್ನು ಮೊದಲು ಕೊಂಡವರಿಗೆ ಅದು ಅಲ್ಲಿಗೆ ಹೋದ ಮೇಲೆ ತಿಳಿಯುತ್ತದೆ. ಕಡಲೂ ಪೂರ್ತಿ ನಂಬಿಕಸ್ತವಲ್ಲ: 2025ರ ಆಗಸ್ಟ್‌ನಲ್ಲಿ ಟ್ರೇಸಿ ಆರ್ಮ್ ಎಂಬ ಹಿಮನದಿ ಕಣಿವೆಯಲ್ಲಿ ಬೆಟ್ಟ ಕುಸಿದು ಸುನಾಮಿ ಎದ್ದಿತು. ಅಂಥ ಸಂದರ್ಭದಲ್ಲಿ ಹಡಗು ಪಕ್ಕದ ಇನ್ನೊಂದು ಕಣಿವೆಗೆ ಮೂತಿ ತಿರುಗಿಸಬಹುದು. ರೈಲಿಗೂ ಬಸ್ಸಿಗೂ ಆ ಸೌಲಭ್ಯವಿಲ್ಲ.

ಎರಡನೆಯ ಆಕ್ಷೇಪ ವಯಸ್ಸಾದವರನ್ನು ಕರೆದುಕೊಂಡು ಹೋಗುವವರದು. ಪ್ರಿನ್ಸೆಸ್, ಹಾಲೆಂಡ್ ಅಮೆರಿಕ ಕಂಪನಿಗಳು ಒಳನಾಡಿನಲ್ಲಿ ಸ್ವಂತ ವಸತಿಗೃಹ, ಬಸ್ಸು, ಗಾಜಿನ ಚಾವಣಿಯ ರೈಲುಡಬ್ಬಿಗಳನ್ನು ಇಟ್ಟುಕೊಂಡಿವೆ. ಪೆಟ್ಟಿಗೆಗಳನ್ನು ಕೋಣೆಯಿಂದ ಕೋಣೆಗೆ ಅವರೇ ಸಾಗಿಸುತ್ತಾರೆ. ಎಲ್ಲವನ್ನೂ ಒಟ್ಟಿಗೆ ಅವರ ಕೈಗೆ ಒಪ್ಪಿಸಿಬಿಟ್ಟರೆ ತಲೆನೋವಿಲ್ಲ ಎನ್ನುವುದು ನಿಜ, ಮಂಡಿನೋವಿನ ತಾಯಿತಂದೆಯರೊಂದಿಗೆ ಹೊರಟವರಿಗೆ ಅದು ಸಣ್ಣ ಅನುಕೂಲವೂ ಅಲ್ಲ. ಆದರೆ ಆ ಪ್ಯಾಕೇಜುಗಳಲ್ಲೇ ಹತ್ತಾರು ಬಗೆಗಳಿವೆ, ಅವನ್ನು ಬೇರ್ಪಡಿಸುವುದು ನೆಲದ ಭಾಗವೇ ಹೊರತು ಹಡಗಲ್ಲ. ಹಡಗಿಳಿದ ದಿನವೇ ರೈಲು ಹತ್ತಿಸಿ ಇಡೀ ದಿನ ಓಡಿಸಿ, ಒಂದೇ ರಾತ್ರಿ ಡೆನಾಲಿಯಲ್ಲಿ ಮಲಗಿಸಿ, ಮರುದಿನ ಮತ್ತೆ ಬಸ್ಸು ಹತ್ತಿಸುವ ಪ್ಯಾಕೇಜಿನಲ್ಲಿ ದಣಿಯುವವರು ಹಿರಿಯರೇ. ಒಂದೇ ಕಡೆ ಎರಡು ಮೂರು ರಾತ್ರಿ ನಿಲ್ಲುವುದನ್ನು ಆರಿಸಿ, ಅದಕ್ಕೆ ಅಂಟಿಕೊಂಡು ಬರುವ ಹಡಗನ್ನು ಒಪ್ಪಿಕೊಳ್ಳುವುದು ಇಲ್ಲಿಯೂ ಸರಿಯಾದ ಕ್ರಮ. ತಾವೇ ಏರ್ಪಾಟು ಮಾಡಿಕೊಳ್ಳುವವರಿಗೆ ಕಿಟಕಿಯ ಹೊರಗಿನ ನೋಟದಲ್ಲಿ ಏನೂ ಕಡಿಮೆಯಾಗುವುದಿಲ್ಲ. ಹಳಿ ಒಂದೇ, ರಾಜ್ಯ ಸರ್ಕಾರದ ಅಲಾಸ್ಕಾ ರೈಲ್‌ರೋಡಿನದು. ಅದರ ಟಿಕೆಟ್ ಯಾರು ಬೇಕಾದರೂ ಕೊಳ್ಳಬಹುದು.

ಮೊದಲು ಗೊತ್ತುಮಾಡುವುದು ಬೇರೆ, ಮೊದಲು ಪ್ರಯಾಣಿಸುವುದು ಬೇರೆ. ಸ್ವಂತವಾಗಿ ಓಡಾಡುವವರು ಹಡಗನ್ನು ಮುಂದೆ, ನೆಲವನ್ನು ಹಿಂದೆ ಇಟ್ಟುಕೊಳ್ಳುವುದು ಸುರಕ್ಷಿತ. ಹಡಗು ಯಾರಿಗೂ ಕಾಯುವುದಿಲ್ಲ. ವಿಟಿಯರ್‌ಗೆ ಹೋಗುವ ನಾಲ್ಕು ಕಿ.ಮೀ. ಸುರಂಗದಲ್ಲಿ ಕಾರು, ರೈಲು ಎರಡಕ್ಕೂ ಒಂದೇ ಪಥವಾದ್ದರಿಂದ ಸರದಿ ತಪ್ಪಿದರೆ ಮುಂದಿನ ಸರದಿಗೆ ನಿಲ್ಲಬೇಕು. ಕಂಪನಿಯ ಬಸ್ಸಿನಲ್ಲೇ ಬರುವವರಿಗೆ ಆ ಆತಂಕವಿಲ್ಲ. ಅವರು ದಣಿವಿನ ನೆಲಭಾಗವನ್ನು ಮೊದಲು ಮುಗಿಸಿ, ಕೊನೆಯ ವಾರ ಒಂದೇ ಕೋಣೆಯಲ್ಲಿ ಹಾಯಾಗಿರಬಹುದು.

ತಿಂಗಳನ್ನು ಆರಿಸುವಾಗ ಕರಾವಳಿ ಮತ್ತು ಒಳನಾಡಿನ ಹಿತಾಸಕ್ತಿಗಳು ಜಗಳವಾಡುತ್ತವೆ. ಕೆಚಿಕನ್‌ನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿದ ಮಳೆ, ಫೇರ್‌ಬ್ಯಾಂಕ್ಸ್‌ನಲ್ಲಿ ಸುಮಾರು 300. ಕರಾವಳಿಯಲ್ಲಿ ಮೇ, ಜೂನ್ ತಿಂಗಳುಗಳು ಕಡಿಮೆ ಮಳೆಯವು. ಸಾಲ್ಮನ್ ಮೀನು ಹೊಳೆ ಏರುವುದು, ಅದನ್ನು ಹಿಡಿಯಲು ಕರಡಿ ಬರುವುದು ಜುಲೈ, ಆಗಸ್ಟ್‌ನಲ್ಲಿ. ಒಳನಾಡಿನಲ್ಲಿ ಜೂನ್ ಕೊನೆಯಿಂದ ಜುಲೈವರೆಗೆ ಸೊಳ್ಳೆಗಳ ಕಾಟ, ಜುಲೈ ಆಗಸ್ಟ್‌ನಲ್ಲಿ ಮಳೆ. ಆಗಸ್ಟ್ ಕೊನೆಗೆ ಟಂಡ್ರಾ ಬಯಲು ಕೆಂಪಾಗುತ್ತದೆ, ಕತ್ತಲು ಮರಳುವುದರಿಂದ ಫೇರ್‌ಬ್ಯಾಂಕ್ಸ್‌ನಲ್ಲಿ ಧ್ರುವಪ್ರಭೆಯೂ ಕಾಣತೊಡಗುತ್ತದೆ. ಕರಾವಳಿಯ ಮಳೆಯನ್ನು ಹಡಗಿನ ಗಾಜಿನ ಹಿಂದೆ ಕೂತು ಸಹಿಸಬಹುದು, ಮಂಜು ಮುಸುಕಿದ ಕಣಿವೆಗೆ ಅದರದೇ ಚೆಲುವೂ ಉಂಟು. ಆದ್ದರಿಂದ ಇಲ್ಲಿಯೂ ಒಳನಾಡಿನ ಮಾತೇ ನಡೆಯಲಿ: ಪ್ರಾಣಿ, ಪರ್ವತಗಳಿಗೆ ಜೂನ್ ಮೊದಲ ಭಾಗ, ಬಣ್ಣಕ್ಕೆ ಆಗಸ್ಟ್ ಕೊನೆ. ಜನಜಂಗುಳಿಯ ವಿಷಯದಲ್ಲಿ ತಿಂಗಳಿಗಿಂತ ವಾರ ಮುಖ್ಯವಾಗಬಹುದು. ಸುಮಾರು 32,000 ಜನರ ಜೂನೋ ನಗರ 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳ ಮಿತಿ ಇಟ್ಟಿದೆ, 2026ರಿಂದ ಹಡಗುಗಳ ಒಟ್ಟು ಹಾಸಿಗೆಗಳನ್ನು ದಿನಕ್ಕೆ 16,000ಕ್ಕೆ, ಶನಿವಾರ 12,000ಕ್ಕೆ ಸೀಮಿತಗೊಳಿಸುವ ಒಪ್ಪಂದ ಮಾಡಿಕೊಂಡಿದೆ.

ಭಾರತೀಯ ಪಾಸ್‌ಪೋರ್ಟಿನವರಿಗೆ, ಅಂದರೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೆಲೆಸಿರುವ ಅನೇಕ ಕನ್ನಡಿಗರಿಗೂ ಬೇಸಿಗೆಗೆ ಅವರಲ್ಲಿಗೆ ಬರುವ ಹೆತ್ತವರಿಗೂ, 1886ರ ಕಾಯ್ದೆಯ ಬಿಸಿ ಇನ್ನೊಂದು ಬಗೆಯಲ್ಲಿ ತಟ್ಟುತ್ತದೆ. ಹಡಗು ಕೆನಡಾ ಮುಟ್ಟಲೇಬೇಕಾದ್ದರಿಂದ ಕೆನಡಾದ ವೀಸಾ ಬೇಕು. ಸಿಯಾಟಲ್‌ನಿಂದ ಹೊರಟರೆ ಅದು ಬೇಡ ಎಂಬ ಎಣಿಕೆ ಸರಿಯಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ವಿನಾಯಿತಿಯಿದೆ. ಕೆನಡಾದಿಂದ ಅಲಾಸ್ಕಾಕ್ಕೆ ಹೋಗುವುದೆಂದರೆ ಅಮೆರಿಕವನ್ನು ಮತ್ತೆ ಪ್ರವೇಶಿಸಿದಂತೆ, ಆದ್ದರಿಂದ ಅಮೆರಿಕದ ವೀಸಾ ಕೂಡ ಹಲವು ಬಾರಿಯ ಪ್ರವೇಶಕ್ಕೆ ಸಲ್ಲುವಂಥದ್ದಾಗಿರಬೇಕು. ಮನೆಯಲ್ಲಿ ಒಬ್ಬರ ವೀಸಾ ತಡವಾದರೂ ಹಡಗಿನ ಭಾಗ ಬಿದ್ದುಹೋಗುತ್ತದೆ. ಆಂಕರೇಜ್‌ಗೆ ನೇರ ವಿಮಾನ ಹಿಡಿದರೆ ಒಳನಾಡಿನ ಭಾಗ ಆಗಲೂ ಉಳಿಯುತ್ತದೆ.

ಈ ವಾದ ಒಂದು ಕಡೆ ಮಾತ್ರ ನಿಲ್ಲುವುದಿಲ್ಲ. ವಿಹಾರ ಹಡಗನ್ನು ಬಿಟ್ಟು, 1963ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಅಲಾಸ್ಕಾ ಮರೀನ್ ಹೈವೇ ದೋಣಿಗಳಲ್ಲಿ ಕಾರನ್ನೂ ಹೇರಿಕೊಂಡು ಹೋಗುವವರಿದ್ದಾರೆ. ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್‌ನಿಂದ ಹೊರಟ ದೋಣಿ ಸುಮಾರು ಒಂದೂವರೆ ದಿನದಲ್ಲಿ ಕೆಚಿಕನ್ ಮುಟ್ಟಿ ಉತ್ತರಕ್ಕೆ ಸಾಗುತ್ತದೆ. ಹೇನ್ಸ್‌ನಲ್ಲಿ ಇಳಿದರೆ ಕೆನಡಾದ ಮೂಲಕ ಫೇರ್‌ಬ್ಯಾಂಕ್ಸ್‌ಗೆ ಸುಮಾರು 1,050 ಕಿ.ಮೀ. ರಸ್ತೆ. ಇಲ್ಲಿ ವಿರಳವಾದದ್ದು ದೋಣಿ. ಕಾರಿನ ಜಾಗ ಇನ್ನೂ ವಿರಳ, ಮಲಗುವ ಕೋಣೆ ಎಲ್ಲಕ್ಕಿಂತ ಮೊದಲು ಮುಗಿಯುತ್ತದೆ. ಆದ್ದರಿಂದ ಈ ದಾರಿ ಹಿಡಿಯುವವರು ಚಳಿಗಾಲದಲ್ಲೇ ದೋಣಿಯ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ಕೂರಬೇಕು, ಡೆನಾಲಿಯ ರಾತ್ರಿಗಳನ್ನು ಆಮೇಲೆ ಹೊಂದಿಸಿಕೊಳ್ಳಬೇಕು.