ಕುಡಿತ ಬಿಟ್ಟವರು ವೇದಿಕೆ ಹತ್ತಿದಾಗ: ಜಾನ್ ಗಾಫ್‌ರಿಂದ ಕ್ಯಾರಿ ಫಿಶರ್‌ವರೆಗೆ

ಈ ಸಂಚಿಕೆಯಲ್ಲಿ ಒಂದು ವಿಶಿಷ್ಟ ರಂಗಪ್ರಕಾರದ ಇತಿಹಾಸ ಹೇಳ್ತೀನಿ. ಸಹನಟರಿಲ್ಲ, ದೊಡ್ಡ ಕಥಾವಸ್ತುವೂ ಇಲ್ಲ. ಒಬ್ಬರೇ ವೇದಿಕೆ ಮೇಲೆ ನಿಂತು, ‘ನಾನು ಚಟಕ್ಕೆ ಬಿದ್ದಿದ್ದೆ, ಹೀಗೆ ಎದ್ದು ಬಂದೆ’ ಅಂತ ಹೇಳೋದು. ಇವತ್ತು ಅಮೆರಿಕದಲ್ಲಿ ಮಾದಕವಸ್ತು ಬಿಟ್ಟವರ ಇಂಥ ಏಕವ್ಯಕ್ತಿ ಪ್ರದರ್ಶನಗಳು ಬೇಕಾದಷ್ಟಿವೆ. ಇದರ ಬೇರು ಹುಡುಕುತ್ತಾ ಹೊರಟರೆ ನಾವು ಹೋಗಿ ನಿಲ್ಲೋದು ಎಲ್ಲಿ ಗೊತ್ತಾ? ಒಂದು ಹೆಂಡದಂಗಡಿಯಲ್ಲಿ.

1840ರ ಏಪ್ರಿಲ್. ಅಮೆರಿಕದ ಬಾಲ್ಟಿಮೋರ್ ನಗರ. ಅಂಗಡಿಯಲ್ಲಿ ಸೇರುತ್ತಿದ್ದ ಆರು ಜನ ಕುಡುಕರು, ಇನ್ನು ಕುಡಿಯೋದಿಲ್ಲ ಅಂತ ತೀರ್ಮಾನಿಸಿ ಒಂದು ಸಂಘ ಕಟ್ಟಿದರು. ಅದಕ್ಕೆ ಜಾರ್ಜ್ ವಾಷಿಂಗ್ಟನ್ ಹೆಸರಿಟ್ಟರು. ಅಲ್ಲಿಯವರೆಗೆ ಕುಡಿತದ ವಿರುದ್ಧ ಮಾತಾಡ್ತಿದ್ದವರು ಹೆಚ್ಚಾಗಿ ಪಾದ್ರಿಗಳು, ವೈದ್ಯರು. ಈ ಸಂಘದ ಸಭೆಗಳಲ್ಲಿ ಕುಡಿದವನೇ ಎದ್ದು ನಿಂತು ತನ್ನ ಅನುಭವ ಹೇಳಬೇಕಿತ್ತು. ಇನ್ನೂ ಯುವ ವಕೀಲರಾಗಿದ್ದ ಅಬ್ರಹಾಂ ಲಿಂಕನ್, 1842ರ ಫೆಬ್ರವರಿ 22ರಂದು ಇವರ ಸಭೆಯಲ್ಲೇ ಮಾತಾಡಿ ಈ ವಿಧಾನವನ್ನು ಮೆಚ್ಚಿಕೊಂಡರು.

ಈ ಅನುಭವ ಕಥನವನ್ನು ಪೂರ್ಣ ಪ್ರಮಾಣದ ರಂಗಪ್ರದರ್ಶನ ಮಾಡಿದವರು ಜಾನ್ ಬಿ. ಗಾಫ್. ಹುಟ್ಟಿದ್ದು 1817ರಲ್ಲಿ, ಇಂಗ್ಲೆಂಡಿನ ಕೆಂಟ್‌ನಲ್ಲಿ. 12ನೇ ವಯಸ್ಸಿಗೇ ಅಪ್ಪ ಅಮ್ಮನನ್ನು ಬಿಟ್ಟು ಅಮೆರಿಕಕ್ಕೆ ಹೊರಟ ಹುಡುಗ. ಅಲ್ಲಿ ಪುಸ್ತಕ ಬೈಂಡಿಂಗ್ ಕಲಿತ. ಒಳ್ಳೆ ಕಂಠ, ನಗಿಸೋ ಕಲೆ ಇತ್ತು. ಹೆಂಡದಂಗಡಿಗಳಲ್ಲಿ ಹಾಡು, ಚಿಕ್ಕಪುಟ್ಟ ನಾಟಕಗಳಲ್ಲಿ ಪಾತ್ರ, ಜೊತೆಗೆ ಕುಡಿತ. ತಮಾಷೆ ನೋಡಿ, ಬಾಸ್ಟನ್‌ನಲ್ಲಿ ಅವರು ನಟಿಸಿದ ಒಂದು ನಾಟಕ ಮದ್ಯವಿರೋಧಿಗಳನ್ನೇ ಗೇಲಿ ಮಾಡುವಂಥದ್ದು!

ಆಮೇಲೆ ತಮಾಷೆ ಮುಗೀತು. ಕೆಲಸ ಹೋಯ್ತು. ಹೆಂಡತಿ, ಹಸುಗೂಸು ಇಬ್ಬರೂ ತೀರಿಕೊಂಡರು. 1842ರ ಅಕ್ಟೋಬರ್‌ನಲ್ಲಿ ವೂಸ್ಟರ್ ಪಟ್ಟಣದ ಬೀದಿಯಲ್ಲಿ ಜೋಯೆಲ್ ಸ್ಟ್ರ್ಯಾಟನ್ ಅನ್ನೋ ಹೋಟೆಲ್ ಮಾಣಿಯೊಬ್ಬ ಗಾಫ್ ಅವರ ಹೆಗಲು ತಟ್ಟಿ ಮಾತಾಡಿಸಿದ. ಆ ಕರೆಗೆ ಓಗೊಟ್ಟು ಗಾಫ್ ಸಭೆಗೆ ಹೋಗಿ, ಕುಡಿಯೋದಿಲ್ಲ ಅಂತ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರು. ಕೆಲವೇ ತಿಂಗಳಲ್ಲಿ ಒಮ್ಮೆ ಜಾರಿದರು. ಒಪ್ಪಿಕೊಂಡು ಮತ್ತೆ ಸಹಿ ಹಾಕಿದರು. ಈ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ನಂತರ ಗಾಫ್ ಊರೂರು ಸುತ್ತಿದರು. ಅವರದ್ದು ಬರೀ ಭಾಷಣ ಆಗಿರಲಿಲ್ಲ. ಕುಡಿತ ನಿಂತಾಗ ಬರೋ ನಡುಕ, ಇಲ್ಲದ್ದು ಕಣ್ಣಿಗೆ ಕಾಣಿಸೋ ಭ್ರಮೆ, ಎಲ್ಲವನ್ನೂ ವೇದಿಕೆ ಮೇಲೆ ಒಬ್ಬರೇ ಅಭಿನಯಿಸ್ತಿದ್ದರು. 1844ರಲ್ಲಿ ‘ದಿ ಡ್ರಂಕರ್ಡ್’ ಅನ್ನೋ ನಾಟಕ ಬಾಸ್ಟನ್‌ನಲ್ಲಿ ಜನಪ್ರಿಯ ಆಯ್ತು. ಅಲ್ಲಿಯೂ ಭ್ರಮೆಯ ದೃಶ್ಯವೇ ದೊಡ್ಡ ಆಕರ್ಷಣೆ. ಆದರೆ ಗಾಫ್ ಬಳಿ ಇದ್ದದ್ದು ಬೇರೆ ಯಾವ ನಟನ ಬಳಿಯೂ ಇರಲಿಲ್ಲ: ‘ಇದು ನನಗೇ ಆಗಿದ್ದು’ ಅನ್ನೋ ಮಾತು.

ಅದೇ ಮಾತು ಮುಂದೆ ಅವರ ಕೊರಳಿಗೆ ಉರುಳಾಯ್ತು. 1845ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಗಾಫ್ ಕಾಣೆಯಾದರು. ಸುಮಾರು ಒಂದು ವಾರದ ನಂತರ ಪತ್ತೆಯಾದದ್ದು ವಾಕರ್ ಬೀದಿಯ ಒಂದು ಮನೆಯಲ್ಲಿ. ಅದು ವೇಶ್ಯಾಗೃಹ ಅಂತ ಪತ್ರಿಕೆಗಳು ಬರೆದವು. ಆ ವರ್ಷವೇ ಅವರ ಆತ್ಮಕಥೆ ಬೇರೆ ಹೊರಬಂದಿತ್ತು. ಪರಿಚಯಸ್ಥ ಅಂತ ಹೇಳಿಕೊಂಡ ಒಬ್ಬ ತನಗೆ ಸೋಡಾ ಕುಡಿಸಿದ, ಅದರಲ್ಲಿ ಏನೋ ಬೆರೆಸಿತ್ತು ಅಂತ ಗಾಫ್ ಹೇಳಿಕೆ ಕೊಟ್ಟರು. ಅವರ ಚರ್ಚ್ ವಿಚಾರಣೆ ನಡೆಸಿ ಅವರನ್ನು ಉಳಿಸಿಕೊಳ್ತು. ವಿರೋಧಿಗಳು ಮಾತ್ರ ಎಲ್ಲವೂ ನಾಟಕ ಅಂದರು.

ಸೋಡಾದಲ್ಲಿ ಏನಿತ್ತು ಅನ್ನೋದಕ್ಕಿಂತ, ಆ ವಿವರಣೆ ಯಾಕೆ ಬೇಕಾಯ್ತು ಅನ್ನೋದು ನನ್ನನ್ನ ಕಾಡೋ ಪ್ರಶ್ನೆ. ಹೆಸರಿಲ್ಲದ ಕಾಲದಲ್ಲಿ ‘ಜಾರಿದೆ’ ಅಂತ ಹೇಳಿ ಮತ್ತೆ ಸಹಿ ಹಾಕೋಕೆ ಸಾಧ್ಯ ಆಗಿತ್ತು. ಹೆಸರು ಬಂದ ಮೇಲೆ ಅದಕ್ಕೆ ಜಾಗವೇ ಇರಲಿಲ್ಲ. ಜನ ಬರ್ತಿದ್ದದ್ದು ಗೆದ್ದವನನ್ನು ನೋಡೋಕೆ. ಬಿಕಾಂ ಓದಿದವನ ಭಾಷೆಯಲ್ಲಿ ಹೇಳ್ತೀನಿ: ಪ್ರದರ್ಶನ ಅನ್ನೋದು ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ಇದ್ದ ಹಾಗೆ, ಆ ಒಂದು ದಿನದ ಸ್ಥಿತಿ ಅಷ್ಟೇ. ಚೇತರಿಕೆ ಕಿರ್ದಿ ಪುಸ್ತಕ. ಪ್ರತಿದಿನ ಬರೀಬೇಕು.

ಗಾಫ್ ಅಲ್ಲಿಗೆ ನಿಲ್ಲಿಸಲಿಲ್ಲ. ಇನ್ನೂ 40 ವರ್ಷ ಮಾತಾಡಿದರು. 1886ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಭಾಷಣದ ನಡುವೆಯೇ ಪಾರ್ಶ್ವವಾಯು ಬಡಿದು ಕುಸಿದರು, ಕೆಲವು ದಿನಗಳಲ್ಲಿ ತೀರಿಕೊಂಡರು.

ಬಾಲ್ಟಿಮೋರ್‌ನ ಸಂಘ ಅದಕ್ಕೂ ಎಷ್ಟೋ ಮೊದಲೇ ಕರಗಿಹೋಗಿತ್ತು. 1935ರಲ್ಲಿ ಓಹಾಯೋದ ಆಕ್ರನ್‌ನಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಆ ಸಂಘದ ಏಳುಬೀಳನ್ನು ಪಾಠವಾಗಿ ತಗೊಂಡಿತು. ಅನುಭವ ಹೇಳೋದನ್ನು ಉಳಿಸಿಕೊಂಡರು, ಪತ್ರಿಕೆ ಮತ್ತು ವೇದಿಕೆಗಳ ಮುಂದೆ ಹೆಸರು ಹೇಳೋದನ್ನು ಬಿಟ್ಟರು. 20 ವರ್ಷ ಕುಡಿಯದವರೂ ಅಲ್ಲಿ ‘ನಾನೊಬ್ಬ ಕುಡುಕ’ ಅಂತಲೇ ಪರಿಚಯ ಮಾಡಿಕೊಳ್ತಾರೆ. ಬೆಂಗಳೂರಿನಲ್ಲೂ ಈ ಸಭೆಗಳು ನಡೀತವೆ, ಕನ್ನಡದಲ್ಲೂ.

ಇನ್ನೊಂದು ದಾರಿ ತೋರಿಸಿದವರು ‘ಸ್ಟಾರ್ ವಾರ್ಸ್’ ಸಿನಿಮಾದ ರಾಜಕುಮಾರಿ ಲೀಯಾ, ಅಂದರೆ ಕ್ಯಾರಿ ಫಿಶರ್. ಅವರ ‘ವಿಶ್‌ಫುಲ್ ಡ್ರಿಂಕಿಂಗ್’ ಏಕವ್ಯಕ್ತಿ ಪ್ರದರ್ಶನ 2006ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಗಿ, 2009ರಲ್ಲಿ ಬ್ರಾಡ್‌ವೇ ತಲುಪಿತು. ಮಾದಕವಸ್ತು, ಬೈಪೋಲಾರ್ ಕಾಯಿಲೆ, ಆಸ್ಪತ್ರೆ ವಾಸ, ಎಲ್ಲವನ್ನೂ ನಗಿಸುತ್ತಾ ಹೇಳಿದರು. ‘ನಾನು ಗುಣವಾದೆ’ ಅನ್ನೋ ಘೋಷಣೆ ಅವರ ಪ್ರದರ್ಶನದ ಬಂಡವಾಳ ಆಗಿರಲಿಲ್ಲ. 2016ರಲ್ಲಿ ಅವರು ತೀರಿಕೊಂಡಾಗ ದೇಹದಲ್ಲಿ ಮಾದಕವಸ್ತುಗಳ ಅಂಶ ಇದ್ದದ್ದು ವರದಿಯಾಯ್ತು. ತಾಯಿ ಜೀವನಪೂರ್ತಿ ಈ ಚಟದ ಜೊತೆ ಹೋರಾಡಿದರು ಅಂತ ಮಗಳು ಮುಚ್ಚುಮರೆ ಇಲ್ಲದೆ ಹೇಳಿದರು. ಹಾಗಂತ ಆ ಪ್ರದರ್ಶನ ಸುಳ್ಳಾಯ್ತಾ? ನನಗೆ ಹಾಗನಿಸಲ್ಲ.

ನಮ್ಮ ಮನೆಗಳಲ್ಲೂ ಇದೇ ಪರೀಕ್ಷೆ ಇದೆ. ಆರು ತಿಂಗಳು ಬಿಟ್ಟು ಮತ್ತೆ ಕುಡಿದ ಅಣ್ಣನಿಗೆ, ‘ಇಷ್ಟು ದಿನ ನಾಟಕ ಆಡಿದ್ಯಾ?’ ಅಂತೀವಿ. ಅವನು ಮುಂದಿನ ಸಲ ಸೋಡಾ ಕಥೆ ಹೇಳೋಕೆ ಅದೇ ಕಾರಣ ಆಗಬಹುದು. ಆ ಆರು ತಿಂಗಳೂ ನಿಜವೇ. ಲೆಕ್ಕದಿಂದ ಹೊಡೆದುಹಾಕಬೇಡಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಸಹಾಯ ಬೇಕಿದ್ದರೆ, ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ.