‘ಅಯಾನು’: ಸಾಗುವ ಕಣಕ್ಕೆ ಸಿಕ್ಕ ಹೆಸರು

ಪರಮಾಣುವಿನಲ್ಲಿ ಧನ ಮತ್ತು ಋಣ ವಿದ್ಯುದಾವೇಶಗಳು ಸಮಸಮನಾಗಿರುತ್ತವೆ. ಅದರಿಂದ ಒಂದು ಎಲೆಕ್ಟ್ರಾನ್ ಕಳಚಿಹೋದರೆ, ಇಲ್ಲವೆ ಹೊರಗಿನದೊಂದು ಬಂದು ಸೇರಿದರೆ ಈ ಲೆಕ್ಕ ತಪ್ಪುತ್ತದೆ. ಹೀಗೆ ವಿದ್ಯುದಾವೇಶ ಪಡೆದ ಪರಮಾಣುವೇ ‘ಅಯಾನು’; ಆ ಕ್ರಿಯೆಯೇ ‘ಅಯಾನೀಕರಣ’. ಸ್ವಾರಸ್ಯವೆಂದರೆ, ‘ಅಯಾನು’ ಎಂಬ ಹೆಸರು ಹುಟ್ಟಿದಾಗ ಎಲೆಕ್ಟ್ರಾನ್ ಎಂಬುದೊಂದು ಇದೆಯೆಂದೇ ಯಾರಿಗೂ ತಿಳಿದಿರಲಿಲ್ಲ.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೇಲ್ ಫ್ಯಾರಡೆ ದ್ರಾವಣಗಳ ಮೂಲಕ ವಿದ್ಯುತ್ ಹರಿಸಿ ಪ್ರಯೋಗ ನಡೆಸುತ್ತಿದ್ದರು. ದ್ರಾವಣದಲ್ಲಿ ಮುಳುಗಿಸಿದ ಎರಡು ಲೋಹದ ತುದಿಗಳತ್ತ ವಸ್ತುವಿನ ಅಂಶಗಳು ಬೇರೆಬೇರೆಯಾಗಿ ಸಾಗುತ್ತಿದ್ದವು. ಅವನ್ನು ಏನೆಂದು ಕರೆಯುವುದು? ಫ್ಯಾರಡೆ ಕಮ್ಮಾರನ ಮಗ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವರು. ಶಾಲೆಯ ಓದು ಅಷ್ಟಕ್ಕಷ್ಟೆ. ಹಾಗಾಗಿ 1834ರಲ್ಲಿ ಅವರು ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂವೆಲ್‌ಗೆ ಪತ್ರ ಬರೆದು ಸಲಹೆ ಕೇಳಿದರು. ಆನೋಡ್, ಕ್ಯಾಥೋಡ್‌ಗಳ ಜತೆಗೆ ಹ್ಯೂವೆಲ್ ಸೂಚಿಸಿದ ಪದವೇ ‘ಅಯಾನ್’. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ‘ಹೋಗುವಂಥದು’. ಕನ್ನಡದ ‘ಅಯಾನು’ ಇದರದೇ ರೂಪ.

ವಿದ್ಯುತ್ ಹರಿದರೆ ಮಾತ್ರ ಅಯಾನುಗಳು ಹುಟ್ಟುತ್ತವೆ ಎಂಬುದು ಫ್ಯಾರಡೆ ಅವರ ಭಾವನೆಯಾಗಿತ್ತು. ನೀರಿನಲ್ಲಿ ಕರಗಿದಾಗಲೇ ಉಪ್ಪು ಅಯಾನುಗಳಾಗಿ ಒಡೆದಿರುತ್ತದೆ, ವಿದ್ಯುತ್ತಿನ ಹಂಗಿಲ್ಲ ಎಂಬ ವಾದವನ್ನು ಬೆಳೆಸಿದವರು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್. ಇದಕ್ಕೆ ತಳಹದಿಯಾದ ಅವರ 1884ರ ಪ್ರೌಢಪ್ರಬಂಧಕ್ಕೆ ಉಪ್ಸಾಲ ವಿಶ್ವವಿದ್ಯಾಲಯ ಕೊಟ್ಟದ್ದು ತೀರ ಕೆಳದರ್ಜೆ. ಅಲ್ಲಿ ಅಧ್ಯಾಪಕರಾಗುವ ದಾರಿಯೇ ಮುಚ್ಚುವಂತಾಯಿತು. ಆದರೆ ಅದೇ ಸಿದ್ಧಾಂತಕ್ಕೆ 1903ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ನಡುವೆ, 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ್ದರಿಂದ ಅಯಾನಿನ ಗುಟ್ಟೂ ಬಯಲಾಗತೊಡಗಿತು.

ಪ್ರಯೋಗಶಾಲೆಯ ಬಟ್ಟಲಲ್ಲಿದ್ದ ಈ ಪದವನ್ನು ನಕ್ಷತ್ರಗಳ ಅಧ್ಯಯನಕ್ಕೆ ಗಟ್ಟಿಯಾಗಿ ಬೆಸೆದವರು ಮೇಘನಾದ ಸಹಾ. ಯಾವ ಉಷ್ಣತೆ ಮತ್ತು ಒತ್ತಡದಲ್ಲಿ ಎಷ್ಟು ಪಾಲು ಪರಮಾಣುಗಳು ಅಯಾನುಗಳಾಗುತ್ತವೆ ಎಂಬುದನ್ನು ಹೇಳುವ ಸೂತ್ರವನ್ನು 1920ರಲ್ಲಿ ಅವರು ಪ್ರಕಟಿಸಿದರು. ನಕ್ಷತ್ರದ ಬೆಳಕಿನ ರೋಹಿತ ನೋಡಿ ಅದರ ಉಷ್ಣತೆ ಅಳೆಯಲು ಇದರಿಂದ ಸಾಧ್ಯವಾಯಿತು.

ಇನ್ನೊಂದು ನಂಟೂ ಇದೆ. ಹೋಗು ಎಂಬರ್ಥದ ಸಂಸ್ಕೃತದ ‘ಇ’ ಧಾತುವೂ ಗ್ರೀಕ್ ಪದದ ಮೂಲವೂ ಒಂದೇ ಪ್ರಾಚೀನ ಬೇರಿನವು. ಆ ಧಾತುವಿನಿಂದಲೇ ‘ಅಯನ’ ಬಂದಿದೆ. ಸಂಕ್ರಾಂತಿಯಂದು ನಾವು ನೆನೆಯುವ ಉತ್ತರಾಯಣದಲ್ಲಿ ಸಾಗುವವನು ಸೂರ್ಯ. ದ್ರಾವಣದಲ್ಲಿ ಸಾಗುವುದು ಅಯಾನು.