ಸೊನ್ನೆ, ನಾಲ್ಕು, ಎಂಟು: ಮೇನ್‌ಫ್ರೇಮ್ ಗಣಕಗಳ ಸೋಲಿನ ಲೆಕ್ಕ

ನಿಮ್ಮ ಗಣಕದಲ್ಲಿ ಕ್ರಮವಿಧಿಯೊಂದು ಅರ್ಧದಲ್ಲಿ ನಿಂತರೆ ನೀವು ತೆರೆಯ ಮುಂದೆಯೇ ಇರುತ್ತೀರಿ. ತಪ್ಪೇನೆಂದು ನೋಡಿ ಮತ್ತೆ ಪ್ರಯತ್ನಿಸುತ್ತೀರಿ. ಆದರೆ ನಡುರಾತ್ರಿಯಲ್ಲಿ ಒಂದರ ಹಿಂದೆ ಒಂದರಂತೆ ನೂರಾರು ಕೆಲಸಗಳು ತಾವಾಗಿ ನಡೆಯುತ್ತಿದ್ದು, ಅವುಗಳಲ್ಲೊಂದು ಕೆಟ್ಟರೆ? ಉಳಿದವು ಮುಂದುವರಿಯಬೇಕೆ, ನಿಲ್ಲಬೇಕೆ? ಅದನ್ನು ನಿರ್ಧರಿಸುವವರು ಯಾರು?

1950ರ ದಶಕದ ಆರಂಭದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಕ್ರಮವಿಧಿ ಬರೆದವರೇ ಸಮಯ ಗೊತ್ತುಮಾಡಿಕೊಂಡು ಯಂತ್ರದ ಮುಂದೆ ಕೂರುತ್ತಿದ್ದರು. ಟೇಪು ಏರಿಸಿ ಕಾರ್ಡು ಜೋಡಿಸುವಷ್ಟರಲ್ಲಿ ದುಬಾರಿ ಯಂತ್ರದ ಎಷ್ಟೋ ನಿಮಿಷಗಳು ವ್ಯರ್ಥವಾಗುತ್ತಿದ್ದವು. 1956ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಶನ್ ಸಂಸ್ಥೆಗಳು ಐಬಿಎಂ 704 ಗಣಕಕ್ಕಾಗಿ ಒಂದು ಮೇಲ್ವಿಚಾರಕ ಕ್ರಮವಿಧಿಯನ್ನು ರೂಪಿಸಿದವು. ಒಂದು ಕೆಲಸ ಮುಗಿದೊಡನೆ ಅದು ಮುಂದಿನದನ್ನು ತಾನೇ ಎತ್ತಿಕೊಳ್ಳುತ್ತಿತ್ತು. ಬ್ಯಾಚ್ ಸಂಸ್ಕರಣೆ ಹೀಗೆ ಬೇರೂರಿತು.

1964ರ ಏಪ್ರಿಲ್ 7ರಂದು ಐಬಿಎಂ ತನ್ನ ಸಿಸ್ಟಂ/360 ಗಣಕ ಕುಟುಂಬವನ್ನು ಪ್ರಕಟಿಸಿತು. ಅದರ ಕಾರ್ಯಾಚರಣ ವ್ಯವಸ್ಥೆಯ ಜೊತೆಗೆ ಬಂದದ್ದು ಜಾಬ್ ಕಂಟ್ರೋಲ್ ಲ್ಯಾಂಗ್ವೇಜ್, ಅಂದರೆ ಜೆಸಿಎಲ್. ಕಾರ್ಡಿನ ಮೊದಲೆರಡು ಕಂಬಗಳಲ್ಲಿ ಎರಡು ಓರೆಗೆರೆ. ಮುಂದೆ ಈ ಕೆಲಸ ಯಾರದು, ಯಾವ ಕ್ರಮವಿಧಿ ನಡೆಯಬೇಕು, ಯಾವ ಕಡತಗಳು ಬೇಕು ಎಂಬ ವಿವರ. ಒಂದು ಕೆಲಸದಲ್ಲಿ ಹಲವು ಹಂತಗಳು. ಪ್ರತಿ ಹಂತವೂ ಮುಗಿಯುವಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. 0 ಎಂದರೆ ಎಲ್ಲ ಸರಿ, 4 ಎಂದರೆ ಎಚ್ಚರಿಕೆ, 8 ಎಂದರೆ ದೋಷ, 12 ಮತ್ತು 16 ಇನ್ನೂ ಗಂಭೀರ.

ಏಕೆ ನಾಲ್ಕರ ಮಗ್ಗಿ ಎಂದು ನೀವು ಕೇಳಬಹುದು. ಆ ಗಣಕದಲ್ಲಿ ಕವಲೊಡೆಯುವ ಆದೇಶದ ಉದ್ದ 4 ಬೈಟುಗಳು. 15ನೆಯ ರಿಜಿಸ್ಟರಿನಲ್ಲಿ ಬಂದ ಸಂಖ್ಯೆಯನ್ನು ನೇರವಾಗಿ ವಿಳಾಸಕ್ಕೆ ಕೂಡಿದರೆ, ಅಂಥ ಆದೇಶಗಳ ಪಟ್ಟಿಯಲ್ಲಿ ಸರಿಯಾದ ಸಾಲಿಗೇ ಜಿಗಿಯಬಹುದು. ಗುಣಾಕಾರದ ಖರ್ಚೂ ಇಲ್ಲ! ಯಂತ್ರದ ಅನುಕೂಲವೊಂದು ಹೀಗೆ ಶಿಷ್ಟಾಚಾರವಾಗಿ ಉಳಿದುಬಿಟ್ಟಿತು.

ಈ ಸಂಖ್ಯೆಯನ್ನು ನೋಡಿ ಮುಂದಿನ ಹಂತವನ್ನು ತಡೆಯಲು 'ಕಾಂಡ್' ಎಂಬ ನಿಯಮವಿತ್ತು. 'ಕಾಂಡ್=(4,ಎಲ್‌ಟಿ)' ಎಂದು ಬರೆದರೆ ಅರ್ಥವೇನು? '4 ಎಂಬುದು ಹಿಂದಿನ ಯಾವುದಾದರೂ ಹಂತದ ಸಂಖ್ಯೆಗಿಂತ ಕಡಿಮೆಯೆ? ಹೌದಾದರೆ ಈ ಹಂತವನ್ನು ನಡೆಸಬೇಡ.' ಗಮನಿಸಿ, ನಿಬಂಧನೆ ನಿಜವಾದರೆ ಕೆಲಸ ನಡೆಯುವುದಿಲ್ಲ. ನಾವು ಸಹಜವಾಗಿ ಯೋಚಿಸುವ ರೀತಿಗೆ ಇದು ತಲೆಕೆಳಗು. ಇದಕ್ಕಿಂತ ಅಪಾಯಕಾರಿಯಾದದ್ದು ಇನ್ನೊಂದಿದೆ. ನಿಬಂಧನೆಯಲ್ಲಿ ಹೆಸರಿಸಿದ ಹಂತವೇ ನಡೆಯದೆ ಹಾರಿಹೋಗಿದ್ದರೆ ಅದಕ್ಕೆ ಸಂಖ್ಯೆಯೇ ಇರುವುದಿಲ್ಲ. ಆಗ ಪರೀಕ್ಷೆಯನ್ನೇ ಕಡೆಗಣಿಸಿ ಮುಂದಿನ ಹಂತ ನಡೆದುಬಿಡುತ್ತದೆ. ಈ ಕಾರ್ಯಾಚರಣ ವ್ಯವಸ್ಥೆಯ ಯೋಜನೆಯನ್ನು ನಡೆಸಿದ ಫ್ರೆಡ್ ಬ್ರೂಕ್ಸ್ ಅವರೇ 2010ರ ತಮ್ಮ 'ದಿ ಡಿಸೈನ್ ಆಫ್ ಡಿಸೈನ್' ಪುಸ್ತಕದಲ್ಲಿ ಜೆಸಿಎಲ್‌ಅನ್ನು ಕಟುವಾಗಿ ಟೀಕಿಸಿದ್ದಾರೆ. ನಾಲ್ಕಾರು ನಿಯಂತ್ರಣ ಕಾರ್ಡುಗಳೆಂದು ಎಣಿಸಿದ್ದು ನಿಜದಲ್ಲಿ ಒಂದು ಭಾಷೆಯಾಗಿತ್ತು ಎಂಬುದು ಅವರ ಕೊರಗು. ಮುಂದೆ ನೇರವಾದ 'ಇಫ್-ದೆನ್-ಎಲ್ಸ್' ಸೌಲಭ್ಯ ಸೇರಿದರೂ ಕಾಂಡ್ ಇಂದಿಗೂ ಚಲಾವಣೆಯಲ್ಲಿದೆ.

ಕ್ರಮವಿಧಿಯು ಸಂಖ್ಯೆ ಬಿಡುವ ಮೊದಲೇ ಕುಸಿದುಬಿದ್ದರೆ ಅದು 'ಅಬೆಂಡ್', ಎಂದರೆ ಅಸಹಜ ಅಂತ್ಯ. ಹೆಸರುವಾಸಿಯಾದದ್ದು ಎಸ್0ಸಿ7. ಅಂಕಿ ಇರಬೇಕಾದ ಕಡೆ ಖಾಲಿ ಜಾಗವೋ ಅಕ್ಷರವೋ ಬಂದು ದಶಮಾಂಶ ಗಣಿತ ತಪ್ಪಿದಾಗ ಯಂತ್ರಾಂಶವೇ 7ನೆಯ ಬಗೆಯ ಅಡಚಣೆಯನ್ನು ಸಾರುತ್ತದೆ. ಕೊನೆಯ 7 ಅಲ್ಲಿಂದ ಬಂದದ್ದು. ಹಾಗೆಯೇ ಎಸ್0ಸಿ4 ಎಂದರೆ ರಕ್ಷಿತ ಸ್ಮೃತಿಗೆ ಕೈಹಾಕಿದ್ದು.

ಈಗ ಸಂಬಳದ ಲೆಕ್ಕವನ್ನು ತೆಗೆದುಕೊಳ್ಳಿ. ಸಾವಿರ ನೌಕರರಲ್ಲಿ 600 ಜನರ ಖಾತೆಗೆ ಹಣ ಸೇರಿದ ಮೇಲೆ ಕೆಲಸ ಕುಸಿಯಿತು. ಮೊದಲಿನಿಂದ ನಡೆಸಿದರೆ ಆ 600 ಜನರಿಗೆ ಎರಡು ಸಂಬಳ. ಬಿಟ್ಟರೆ 400 ಜನರಿಗೆ ಇಲ್ಲ. ಇದಕ್ಕೆ ಟೇಪಿನ ಕಾಲದವರು ಕಂಡುಕೊಂಡ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ಹಳೆಯ ಕಡತವನ್ನು ಮುಟ್ಟುವುದೇ ಇಲ್ಲ. ಅದನ್ನು ಓದಿ ಹೊಸ ಟೇಪಿಗೆ ಹೊಸ ಕಡತ ಬರೆಯುವುದು. ಕೆಟ್ಟರೆ ಹೊಸದನ್ನು ಎಸೆದು ಹಳೆಯದರಿಂದ ಮತ್ತೆ ಆರಂಭ. ಅಜ್ಜ, ಅಪ್ಪ, ಮಗ ಎಂದು ಮೂರು ತಲೆಮಾರುಗಳನ್ನು ಕಾಯ್ದಿಡುವ ಪದ್ಧತಿ ಇದರಿಂದಲೇ ಬಂತು. ಜೆಸಿಎಲ್‌ನಲ್ಲಿ ಕಡತದ ಹೆಸರಿನೊಡನೆ ಎರಡು ಗತಿಗಳನ್ನು ಬರೆಯಬಹುದು: ಹಂತ ಸರಿಯಾಗಿ ಮುಗಿದರೆ ಉಳಿಸು, ಕುಸಿದರೆ ಅಳಿಸು. ಗಂಟೆಗಟ್ಟಲೆ ನಡೆಯುವ ಕೆಲಸಗಳಿಗೆ ನಡುನಡುವೆ ಸ್ಥಿತಿಯನ್ನು ಬರೆದಿಟ್ಟು ಅಲ್ಲಿಂದಲೇ ಮುಂದುವರಿಸುವ ಏರ್ಪಾಡೂ ಇತ್ತು.

ಇದೆಲ್ಲ ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 2012ರ ಜೂನ್ 17ರಂದು ಬ್ರಿಟನ್ನಿನ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸಮೂಹವು ರಾತ್ರಿಯ ಕೆಲಸಗಳ ಸರದಿಯನ್ನು ನಿರ್ವಹಿಸುವ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿತು. ತೊಂದರೆ ಕಂಡು ಎರಡು ದಿನಗಳ ಬಳಿಕ ಅದನ್ನು ಹಿಂದೆಗೆದುಕೊಂಡಿತು; ಹಿಂದೆಗೆದರೆ ಏನಾಗುವುದೆಂದು ಪರೀಕ್ಷಿಸಿರಲಿಲ್ಲ. ಸರದಿ ಕದಡಿತು. ಒಂದು ರಾತ್ರಿಯ ಬಾಕಿ ಮರುರಾತ್ರಿಯ ತಲೆಗೇರಿತು. 65 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ತಮ್ಮ ಖಾತೆಯಲ್ಲಿ ಎಷ್ಟಿದೆ ಎಂಬುದು ತಿಳಿಯದೆ, ಸಾಲದ ಕಂತು ಕಟ್ಟಲಾಗದೆ ತೊಂದರೆಯಾಯಿತು. ಕೆಲವರು ಪರದೇಶದಲ್ಲಿ ಕೈಯಲ್ಲಿ ಕಾಸಿಲ್ಲದೆ ನಿಂತರು. ಕೆಲವು ಸಂಸ್ಥೆಗಳು ನೌಕರರಿಗೆ ಸಂಬಳ ಕೊಡಲಾರದೆ ಹೋದವು. 2014ರ ನವೆಂಬರಿನಲ್ಲಿ ಅಲ್ಲಿನ ಎರಡು ನಿಯಂತ್ರಣ ಸಂಸ್ಥೆಗಳು ವಿಧಿಸಿದ ದಂಡ ಒಟ್ಟು 5.6 ಕೋಟಿ ಪೌಂಡು.